ಬೈಕಿನ ಹೆಡ್‌ಲೈಟ್‌ಗೆ ಸರಿಯಾದ ಬಲ್ಬ್: ಗುರುತಿಸುವುದರಿಂದ ಬೀಮ್ ಹೊಂದಿಸುವವರೆಗೆ

ರಾತ್ರಿ ದಾರಿ ಸರಿಯಾಗಿ ಕಾಣುತ್ತಿಲ್ಲ ಎಂದು ಅಂಗಡಿಗೆ ಹೋದರೆ ಮೊದಲು ಕೈಗೆ ಬರುವುದು ಹೆಚ್ಚು ವ್ಯಾಟ್‌ನ ಬಲ್ಬ್, ಇಲ್ಲವೇ ಎಲ್‌ಇಡಿ. ಆದರೆ ಬಹಳಷ್ಟು ಬೈಕ್‌ಗಳಲ್ಲಿ ಬಲ್ಬ್‌ನದು ಏನೂ ತಪ್ಪಿರುವುದಿಲ್ಲ. ಅದಕ್ಕೆ ತಲುಪಬೇಕಾದ ವೋಲ್ಟೇಜ್ ತಲುಪುತ್ತಿರುವುದಿಲ್ಲ, ಅಥವಾ ಡೂಮಿನ (ಗಾಜು, ರಿಫ್ಲೆಕ್ಟರ್ ಸೇರಿದ ಹೆಡ್‌ಲೈಟ್ ಗೂಡಿನ) ಒಳಗಿನ ಹೊಳಪು ಹೋಗಿರುತ್ತದೆ. ಅಂಥ ಬೈಕ್‌ಗೆ ಎಷ್ಟು ದುಬಾರಿ ಬಲ್ಬ್ ಹಾಕಿದರೂ ದುಡ್ಡು ದಂಡ. ಹಾಗಾಗಿ ಕೊಳ್ಳುವ ಮುಂಚೆ ಅರ್ಧ ಗಂಟೆ ಬೈಕಿನ ಮುಂದೆ ಕೂತು ನೋಡಬೇಕಾದ ಕೆಲಸವಿದೆ. ಅಲ್ಲಿಂದಲೇ ಶುರು ಮಾಡೋಣ.

ಇಲ್ಲಿ ಹೇಳುವುದೆಲ್ಲ ಹ್ಯಾಲೊಜೆನ್ ಬಲ್ಬ್ ಇರುವ ಬೈಕ್ ಮತ್ತು ಸ್ಕೂಟರ್‌ಗಳಿಗೆ. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದಿರುವ ಬಹುಪಾಲು ಗಾಡಿಗಳಲ್ಲಿ ಬಲ್ಬ್ ಎಂದು ಬಿಡಿಯಾಗಿ ಸಿಗುವುದಿಲ್ಲ, ಕೆಟ್ಟರೆ ಇಡೀ ಯೂನಿಟ್ ಬದಲಿಸಬೇಕು.

ಮೊದಲು ಡೂಮ್ ನೋಡಿ

ಹೆಡ್‌ಲೈಟ್ ಗಾಜನ್ನು ಹೊರಗಿನಿಂದ ಸೋಪಿನ ನೀರಿನಲ್ಲಿ ತೊಳೆದು ಹಗಲು ಬೆಳಕಿನಲ್ಲಿ ಒಳಗೆ ಇಣುಕಿ. ಕನ್ನಡಿಯಂತೆ ಹೊಳೆಯಬೇಕಾದ ರಿಫ್ಲೆಕ್ಟರ್ ಬೂದು ಬಣ್ಣಕ್ಕೆ ತಿರುಗಿದ್ದರೆ, ಕಂದು ಕಲೆ ಬಿದ್ದಿದ್ದರೆ ಅಥವಾ ಪೊರೆ ಪೊರೆಯಾಗಿ ಎದ್ದಿದ್ದರೆ ಡೂಮ್ ಬದಲಿಸಿ. ಯಾವ ಬಲ್ಬ್ ಹಾಕಿದರೂ ಅದು ಸುಧಾರಿಸುವುದಿಲ್ಲ. ಒಳಗೆ ಧೂಳಿದೆ ಎಂದು ಬಟ್ಟೆ ಹಾಕಿ ಉಜ್ಜಲು ಹೋಗಬೇಡಿ. ಆ ಹೊಳಪು ಬಹಳ ತೆಳ್ಳಗಿನ ಅಲ್ಯೂಮಿನಿಯಂ ಲೇಪ, ಒಂದೇ ಒರೆಸಿಗೆ ಗೀರು ಬೀಳುತ್ತದೆ. ಗಾಳಿ ಊದಿ ಧೂಳು ತೆಗೆಯಿರಿ, ಅಷ್ಟು ಸಾಕು. ಹೊರಗಿನದು ಪ್ಲಾಸ್ಟಿಕ್ ಗಾಜಾಗಿದ್ದು ಹಳದಿ ತಿರುಗಿದ್ದರೆ ಪಾಲಿಶ್ ಮಾಡಿಸಿದಾಗ ಸ್ವಲ್ಪ ಕಾಲ ಸರಿಯಾಗುತ್ತದೆ.

ಆಮೇಲೆ ವೋಲ್ಟೇಜ್

ಹ್ಯಾಲೊಜೆನ್ ಬಲ್ಬ್ ವೋಲ್ಟೇಜ್ ವಿಷಯದಲ್ಲಿ ತುಂಬಾ ಸೂಕ್ಷ್ಮ. ಅದರ ಬೆಳಕನ್ನು ಅಳೆಯುವುದು 13.2 ವೋಲ್ಟ್‌ನಲ್ಲಿ. ಬಲ್ಬಿನ ಹಿಂದೆ ಸಿಕ್ಕಿಸುವ ವೈರಿನ ಪ್ಲಗ್‌ಗೆ, ಅಂದರೆ ಕಪ್ಲರ್‌ಗೆ 12 ವೋಲ್ಟ್ ಮಾತ್ರ ಬಂದರೆ ಬೆಳಕು ಸುಮಾರು ಶೇ. 72ಕ್ಕೆ ಇಳಿಯುತ್ತದೆ. 11.5 ವೋಲ್ಟ್ ಬಂದರೆ ಶೇ. 62ರ ಹತ್ತಿರ. ಅಂದರೆ ತುಕ್ಕು ಹಿಡಿದ ಒಂದು ಅರ್ತ್ ಕನೆಕ್ಷನ್ ನಿಮ್ಮ ಹೆಡ್‌ಲೈಟ್‌ನ ಮೂರನೇ ಒಂದು ಭಾಗವನ್ನು ನುಂಗಿಹಾಕಬಲ್ಲದು. ವೋಲ್ಟೇಜ್ ಹೆಚ್ಚಾದರೂ ಕಷ್ಟವೇ: 13.2ಕ್ಕಿಂತ ಶೇ. 5 ಜಾಸ್ತಿಯಾದರೆ ಬಲ್ಬಿನ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ.

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಸಾಕು. ಮೊದಲು ನಿಮ್ಮ ಹೆಡ್‌ಲೈಟ್ ಡಿಸಿಯೋ ಎಸಿಯೋ ತಿಳಿದುಕೊಳ್ಳಿ. ಐಡಲ್‌ನಲ್ಲಿ ಬೆಳಕು ಸೊರಗಿ, ಆಕ್ಸಿಲರೇಟರ್ ತಿರುವಿದಂತೆ ಎದ್ದು ಬರುತ್ತಿದ್ದರೆ ಅದು ಎಂಜಿನ್‌ನಲ್ಲಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರವಾಗಿ ಬರುವ ಎಸಿ. ಹಳೆಯ ನೂರು ಸಿಸಿ ಬೈಕ್‌ಗಳಲ್ಲಿ ಇದೇ ಹೆಚ್ಚು. ಐಡಲ್‌ನಲ್ಲೂ ಬೆಳಕು ಒಂದೇ ಸಮ ಇದ್ದರೆ ಬ್ಯಾಟರಿಯಿಂದ ಬರುವ ಡಿಸಿ. ಖಚಿತವಾಗಬೇಕಾದರೆ ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹೊತ್ತಿಸಿ, ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಕಪ್ಲರ್‌ನಲ್ಲಿ ಅಳೆಯಿರಿ. 12ರಿಂದ 14.5ರ ನಡುವೆ ನಿಂತರೆ ಡಿಸಿ. 2017ರ ಏಪ್ರಿಲ್‌ನಿಂದ ನಮ್ಮಲ್ಲಿ ಎಂಜಿನ್ ಜೊತೆಗೇ ಹೆಡ್‌ಲೈಟ್ ಹೊತ್ತಿಕೊಳ್ಳುವ ವ್ಯವಸ್ಥೆ ಕಡ್ಡಾಯವಾಯಿತಲ್ಲ, ಅದನ್ನು ನೋಡಿ ಡಿಸಿ ಎಂದು ತೀರ್ಮಾನಿಸಬೇಡಿ, ಆ ಬೈಕ್‌ಗಳಲ್ಲೂ ಎಸಿ ಇರುವವು ಇವೆ.

ಡಿಸಿ ಬೈಕಾದರೆ ಮುಂದಿನ ಪರೀಕ್ಷೆ ಇದು. ಕಪ್ಲರ್ ಬಿಚ್ಚದೆ, ಬಲ್ಬ್ ಹೊತ್ತಿರುವಾಗಲೇ, ಕಪ್ಲರ್‌ನ ಹಿಂಬದಿಯಿಂದ ಮೀಟರ್ ಕಡ್ಡಿ ತೂರಿಸಿ. ಬಿಚ್ಚಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಕೆಟ್ಟ ಕನೆಕ್ಷನ್ ಕೂಡ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬಹಳ ಜನ ಮೋಸಹೋಗುವುದು ಇಲ್ಲೇ. ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕಪ್ಲರ್‌ನ ಲೋ ಬೀಮ್ ವೈರಿಗೆ ಇಟ್ಟರೆ ಮೀಟರ್ ತೋರಿಸುವುದು ದಾರಿಯಲ್ಲಿ ಸೋರಿಹೋದ ವೋಲ್ಟೇಜ್. ಇದೇ ರೀತಿ ಬ್ಯಾಟರಿ ಮೈನಸ್ ಮತ್ತು ಕಪ್ಲರ್‌ನ ಅರ್ತ್ ವೈರ್ ನಡುವೆಯೂ ಅಳೆಯಿರಿ. ಎರಡೂ ಸೇರಿ ಅರ್ಧ ವೋಲ್ಟ್‌ನೊಳಗೆ ಇದ್ದರೆ ಚೆನ್ನಾಗಿದೆ. ಒಂದು ವೋಲ್ಟ್ ದಾಟಿದರೆ ಹೊಸ ಬಲ್ಬ್ ಬಿಡಿ, ಮೊದಲು ವೈರಿಂಗ್ ಸರಿಮಾಡಿ. ಹ್ಯಾಂಡಲ್ ಮೇಲೆ ಹೈ-ಲೋ ಬದಲಿಸುವ ಡಿಪ್ ಸ್ವಿಚ್‌ನ ಕಾಂಟ್ಯಾಕ್ಟ್ ಕಪ್ಪಾಗಿರುವುದು, ಕಪ್ಲರ್‌ನ ಹಿತ್ತಾಳೆ ಎಲೆ ಸಡಿಲಾಗಿರುವುದು, ಅರ್ತ್ ಬೋಲ್ಟ್‌ನ ಕೆಳಗೆ ತುಕ್ಕು: ತೊಂದರೆ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು.

ಕೊನೆಗೆ ಎಂಜಿನನ್ನು ಸ್ವಲ್ಪ ರೇಸ್ ಮಾಡಿ ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಿರಿ. 14ರಿಂದ 14.5ರ ಆಸುಪಾಸು ಬರಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಕೆಟ್ಟಿದೆ. ಅದನ್ನು ಬದಲಿಸದೆ ಬಲ್ಬ್ ಮಾತ್ರ ಹಾಕಿದರೆ ಅದೂ ಬೇಗನೆ ಸುಡುತ್ತದೆ.

ಹಳೆಯ ಬಲ್ಬ್ ಏನು ಹೇಳುತ್ತದೆ

ಸುಟ್ಟ ಬಲ್ಬನ್ನು ಎಸೆಯುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಮೈ ಬೂದು ಅಥವಾ ಕಪ್ಪು ಬೆಳ್ಳಿಯಂತೆ ಮಸುಕಾಗಿದ್ದರೆ ಫಿಲಮೆಂಟಿನ ಟಂಗ್‌ಸ್ಟನ್ ಆವಿಯಾಗಿ ಅಂಟಿಕೊಂಡಿದೆ, ಅದು ತನ್ನ ಆಯಸ್ಸು ಮುಗಿಸಿದೆ ಎಂದರ್ಥ. ಒಳಗೆ ಹಾಲಿನಂಥ ಬಿಳಿ ಪುಡಿ ಕಂಡರೆ ಎಲ್ಲೋ ಬಿರುಕು ಬಿಟ್ಟು ಗಾಳಿ ನುಗ್ಗಿದೆ. ಡೂಮಿಗೆ ನೀರು ಹೋಗಿ ಬಿಸಿ ಗಾಜಿನ ಮೇಲೆ ಹನಿ ಬಿದ್ದಾಗ ಹೀಗಾಗುತ್ತದೆ, ಆದ್ದರಿಂದ ಹಿಂದಿನ ರಬ್ಬರ್ ಕವರ್ ಹರಿದಿದೆಯೇ ನೋಡಿ. ಗಾಜಿನ ಒಂದು ಕಡೆ ಮಾತ್ರ ಮಬ್ಬಾದ ಮಚ್ಚೆ, ಕೆಲವೊಮ್ಮೆ ಸಣ್ಣ ಉಬ್ಬು ಇದ್ದರೆ ಹಾಕುವಾಗ ಯಾರೋ ಬೆರಳು ತಾಗಿಸಿದ್ದಾರೆ.

ಗಾಜು ಪೂರ್ತಿ ತಿಳಿಯಾಗಿದ್ದು ಫಿಲಮೆಂಟ್ ಮಾತ್ರ ತುಂಡಾಗಿದ್ದರೆ ತುಂಡಿನ ತುದಿ ನೋಡಿ. ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಮಣಿಯಂಥ ಗುಂಡು ಇದ್ದರೆ ಹೊತ್ತಿರುವಾಗ ಕರಗಿ ಹೋಗಿದೆ; ವೋಲ್ಟೇಜ್ ಮೇಲೆ ಅನುಮಾನ ಪಡಬೇಕು. ತುದಿ ಮುರಿದ ಕಡ್ಡಿಯಂತೆ ಚೂಪಾಗಿದ್ದರೆ ಬಲ್ಬ್ ತಣ್ಣಗಿದ್ದಾಗ ಹೊಡೆತಕ್ಕೆ ಮುರಿದಿದೆ. ಡೂಮಿನ ಬೋಲ್ಟ್ ಸಡಿಲವೇ, ರಬ್ಬರ್ ಬುಷ್ ಸವೆದಿದೆಯೇ ನೋಡಿ.

ನಿಮ್ಮ ಬೈಕ್‌ಗೆ ಯಾವ ಬಲ್ಬ್

ಬಲ್ಬಿನ ಲೋಹದ ಬುಡದ ಮೇಲೆ ಕೆತ್ತಿರುವ ಅಕ್ಷರಗಳೇ ಇದಕ್ಕೆ ಉತ್ತರ. ಬೈಕಿನ ಜೊತೆ ಬಂದ ಪುಸ್ತಕದಲ್ಲೂ ಇರುತ್ತದೆ. ಎರಡನ್ನೂ ತಾಳೆ ನೋಡಿ, ಏಕೆಂದರೆ ಸೆಕೆಂಡ್‌ಹ್ಯಾಂಡ್ ಬೈಕ್‌ನಲ್ಲಿ ಹಿಂದಿನ ಮಾಲೀಕರು ಬೇರೇನಾದರೂ ತುರುಕಿರಬಹುದು.

ಎಚ್4: 12 ವೋಲ್ಟ್, 60/55 ವ್ಯಾಟ್. ಹಿಂಬದಿಯಲ್ಲಿ ಮೂರು ಚಪ್ಪಟೆ ಪಿನ್, ಬುಡ ಪಿ43ಟಿ. ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55. ಬೆಳಕು ಕ್ರಮವಾಗಿ 1650 ಮತ್ತು 1000 ಲ್ಯುಮೆನ್ (ಒಟ್ಟು ಬೆಳಕಿನ ಅಳತೆ). 2024ಕ್ಕಿಂತ ಹಿಂದಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಂಥ ದೊಡ್ಡ ದುಂಡು ಡೂಮಿನ ಬೈಕ್‌ಗಳಲ್ಲಿ ಇದೇ ಇರುತ್ತದೆ.

ಎಚ್‌ಎಸ್1: 35/35 ವ್ಯಾಟ್, ಬುಡ ಪಿಎಕ್ಸ್43ಟಿ. ನೋಡಲು ಎಚ್4ರ ಅವಳಿ. ಬೆಳಕು 825 ಮತ್ತು 525 ಲ್ಯುಮೆನ್. ನಮ್ಮ ರಸ್ತೆಗಳ 150 ಸಿಸಿ ವರ್ಗದ ಎಷ್ಟೋ ಬೈಕ್‌ಗಳು ಇದರ ಮೇಲೇ ಓಡುತ್ತವೆ.

ಪಿ15ಡಿ-25-1: ಇದೂ 35/35 ವ್ಯಾಟ್‌ನದು, ಆದರೆ ಚಿಕ್ಕದು. ದುಂಡು ತಗಡಿನ ಚಾಚು, ಹಿಂದೆ ಎರಡು ಸೀಸದ ಚುಕ್ಕಿ. ಸ್ಕೂಟರ್ ಮತ್ತು ಸಣ್ಣ ಬೈಕ್‌ಗಳದು. ಪಿ15ಡಿ-25-3 ಎಂಬ ಇನ್ನೊಂದಿದೆ, ಚಾಚಿನ ಆಕಾರ ಬೇರೆ, ಹಾಗಾಗಿ ಕೊನೆಯ ಅಂಕಿಯನ್ನೂ ಓದಿ. ಇನ್ನು ಒತ್ತಿ ತಿರುಗಿಸಿ ಹಾಕುವ, ಬದಿಯಲ್ಲಿ ಮೊಳೆಯಂಥ ಮುಳ್ಳಿರುವ ಹಳೇ ಬಗೆ ಬಿಎ20ಡಿ. ಪ್ರೊಜೆಕ್ಟರ್ ಅಥವಾ ಜೋಡಿ ಡೂಮಿನ ಬೈಕ್‌ಗಳಲ್ಲಿ ಒಂದೇ ಫಿಲಮೆಂಟಿನ 55 ವ್ಯಾಟ್‌ನ ಎಚ್7 ಅಥವಾ ಎಚ್11 ಸಿಗುತ್ತದೆ.

ಎಚ್4 ಮತ್ತು ಎಚ್‌ಎಸ್1 ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅತಿ ಹೆಚ್ಚು ಡೂಮ್ ಹಾಳಾಗುವುದು ಈ ಅದಲುಬದಲಿನಿಂದ. ಬುಡದ ಕಿವಿಗಳಲ್ಲಿ ಇರುವ ಸಣ್ಣ ವ್ಯತ್ಯಾಸವನ್ನು ಅರ ಹಾಕಿ ಉಜ್ಜಿ, ಎಚ್‌ಎಸ್1 ಜಾಗಕ್ಕೆ ಎಚ್4 ಕೂರಿಸುತ್ತಾರೆ. ಬೆಳಕು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಆ ರಾತ್ರಿ ಖುಷಿಯೂ ಆಗುತ್ತದೆ. ಆದರೆ 35 ವ್ಯಾಟ್‌ಗೆ 2.7 ಆಂಪಿಯರ್ ಹರಿಯುತ್ತಿದ್ದ ವೈರಿನಲ್ಲಿ ಈಗ 4.2 ಆಂಪಿಯರ್ ಹರಿಯುತ್ತದೆ. ವೈರು ಮತ್ತು ಸ್ವಿಚ್‌ನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದಂತೆ ಏರುವುದರಿಂದ ಅದು ಸುಮಾರು ಎರಡೂವರೆ ಪಟ್ಟಾಗುತ್ತದೆ. ಮೊದಲು ಕಪ್ಲರ್‌ನ ಪ್ಲಾಸ್ಟಿಕ್ ಕಂದಾಗುತ್ತದೆ, ನಂತರ ಬಲ್ಬಿನ ಮೇಲ್ಭಾಗದ ರಿಫ್ಲೆಕ್ಟರ್ ಹೊಳಪು ಬಿಡುತ್ತದೆ. ಜೊತೆಗೆ ಸಣ್ಣ ಬೈಕಿನ ಕಾಯಿಲ್ ಅಷ್ಟು ವ್ಯಾಟ್ ಕೊಡಲಾರದೆ ಬ್ಯಾಟರಿ ಸೊರಗುತ್ತದೆ. 35 ಇರುವಲ್ಲಿ 35 ಮಾತ್ರ.

ಇದೇ ಲೆಕ್ಕ 100/90 ವ್ಯಾಟ್ ಬಲ್ಬ್‌ಗಳಿಗೂ. ಅವುಗಳ ಡಬ್ಬಿಯ ಮೇಲೆ ರ‍್ಯಾಲಿ, ಆಫ್‌ರೋಡ್ ಎಂದು ಬರೆದಿರುವುದು ಅಲಂಕಾರಕ್ಕಲ್ಲ. ಸಾರ್ವಜನಿಕ ರಸ್ತೆಗೆ ಅಲ್ಲ ಎಂದು ತಯಾರಕರೇ ಹೇಳುತ್ತಿದ್ದಾರೆ. 55ರ ಜಾಗದಲ್ಲಿ 90 ವ್ಯಾಟ್ ಹಾಕಿದರೆ ವೈರಿನ ಬಿಸಿ 2.7 ಪಟ್ಟು. ಎದುರಿಗೆ ಬರುವವರ ಕಣ್ಣಿಗೆ ಆಗುವ ಹಿಂಸೆ ಬೇರೆ.

ಡಬ್ಬಿಯ ಮೇಲಿನ ಮಾತುಗಳು

‘ಶೇ. 130 ಹೆಚ್ಚು ಬೆಳಕು’ ಎಂದು ಬರೆದ ಬಲ್ಬ್‌ಗಳು ಸುಳ್ಳಲ್ಲ, ಆದರೆ ಅರ್ಥ ಬೇರೆ. ಒಟ್ಟು ಬೆಳಕು ನಿಯಮದ ಮಿತಿಯೊಳಗೇ ಇರಬೇಕು. ಎಚ್4 ಮತ್ತು ಎಚ್‌ಎಸ್1ಕ್ಕೆ ಮೇಲೆ ಹೇಳಿದ ಲ್ಯುಮೆನ್‌ಗಿಂತ ಶೇ. 15 ಮಾತ್ರ ಆಚೀಚೆ ಹೋಗಬಹುದು. ಫಿಲಮೆಂಟನ್ನು ಇನ್ನೂ ಒತ್ತಾಗಿ ಸುತ್ತಿ, ಹೆಚ್ಚು ಬಿಸಿಯಾಗಿ ಉರಿಸಿ, ರಸ್ತೆಯ ಒಂದು ನಿರ್ದಿಷ್ಟ ಜಾಗದಲ್ಲಿ ಬೆಳಕು ದಟ್ಟವಾಗುವಂತೆ ಮಾಡಿರುತ್ತಾರೆ. ಆ ಶೇಕಡಾವಾರು ಆ ಜಾಗದ್ದು. ವ್ಯತ್ಯಾಸ ನಿಜಕ್ಕೂ ಕಾಣುತ್ತದೆ, ಆದರೆ ಆಯಸ್ಸು ಕಡಿಮೆ. ಒಂಟಿ ಸಿಲಿಂಡರ್ ಬೈಕಿನ ನಡುಕಕ್ಕೆ ಇನ್ನೂ ಕಡಿಮೆ. ಕೊಳ್ಳುವುದಾದರೆ ಮೋಟಾರ್‌ಸೈಕಲ್‌ಗೆಂದೇ ನಡುಕ ತಡೆಯುವ ಫಿಲಮೆಂಟ್ ಹಾಕಿ ಮಾಡಿರುವುದನ್ನು ಕೊಳ್ಳಿ. ಫಿಲಿಪ್ಸ್, ಓಸ್ರಾಮ್ ಎರಡರಲ್ಲೂ ಸಿಗುತ್ತದೆ. ದಿನಾ ಆಫೀಸಿಗೆ ಹೋಗಿಬರುವ ಗಾಡಿಗೆ ಸಾದಾ ಬಲ್ಬೇ ನಮ್ಮ ಆಯ್ಕೆ. ಬೈಕಿನ ಜೊತೆ ಬರುವ ಬಲ್ಬ್‌ಗಳಲ್ಲಿ ಬಹಳಷ್ಟು ಇಲ್ಲೇ ತಯಾರಾದವು. ಹ್ಯಾಲೊಜೆನ್ ಬಲ್ಬ್ ಮಾಡುವ ಫೀನಿಕ್ಸ್ ಲ್ಯಾಂಪ್ಸ್ 2015ರಲ್ಲಿ ಬೆಂಗಳೂರಿನ ಸುಪ್ರಜಿತ್ ಎಂಜಿನಿಯರಿಂಗ್ ಕೈಗೆ ಬಂತು.

ನೀಲಿ ಲೇಪದ ‘ಬಿಳಿ ಬೆಳಕಿನ’ ಬಲ್ಬ್ ಬೇಡ. ಸಾದಾ ಹ್ಯಾಲೊಜೆನ್ ಬೆಳಕು ಸುಮಾರು 3200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಅಂದರೆ ತುಸು ಹಳದಿ. ಅದರಲ್ಲಿನ ಹಳದಿ, ಕೆಂಪು ಭಾಗವನ್ನು ನೀಲಿ ಲೇಪ ತಡೆದುಹಿಡಿಯುವುದರಿಂದ ಬೆಳಕು ಬಿಳಿಯಾಗಿ ಕಾಣುತ್ತದೆ. ತಡೆದ ಭಾಗ ರಸ್ತೆಗೆ ಬೀಳುವುದೇ ಇಲ್ಲ. ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಇದರ ನಷ್ಟ ಚೆನ್ನಾಗಿ ಗೊತ್ತಾಗುತ್ತದೆ.

ಚಾರ್ಮಾಡಿ, ಆಗುಂಬೆ ಕಡೆ ಓಡಾಡುವವರು ಮಂಜಿಗೆಂದು ಹಳದಿ ಬಲ್ಬ್ ಕೇಳುತ್ತಾರೆ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದೊಡ್ಡವು, ಬಣ್ಣ ಯಾವುದಾದರೂ ಅವು ಒಂದೇ ರೀತಿ ಚದುರಿಸುತ್ತವೆ. ಹಳದಿಯಲ್ಲಿ ಕಣ್ಣಿಗೆ ಸ್ವಲ್ಪ ಹಿತ ಅನಿಸಬಹುದು, ಅಷ್ಟೇ. ಘಾಟಿಯ ಮಂಜಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಸರಿಯಾಗಿ ತಗ್ಗಿಸಿದ ಲೋ ಬೀಮ್.

ಹ್ಯಾಲೊಜೆನ್ ಜಾಗಕ್ಕೆ ಎಲ್‌ಇಡಿ ಹಾಕಬಹುದೇ?

ನಮ್ಮ ಸಲಹೆ ಬೇಡ ಎಂದೇ. ಎಚ್4 ಬಲ್ಬಿನ ಒಳಗೆ ಲೋ ಬೀಮ್ ಫಿಲಮೆಂಟಿನ ಕೆಳಗೆ ಬೊಗಸೆಯಂಥ ಪುಟ್ಟ ತಗಡು ಇದೆ ನೋಡಿ. ಅದು ರಿಫ್ಲೆಕ್ಟರ್‌ನ ಕೆಳಗಿನ ಅರ್ಧಕ್ಕೆ ಬೆಳಕು ಹೋಗದಂತೆ ತಡೆಯುತ್ತದೆ. ಗೋಡೆಯ ಮೇಲೆ ಕತ್ತರಿಸಿದಂತೆ ಕಾಣುವ ಬೆಳಕಿನ ಅಂಚು ಹುಟ್ಟುವುದು ಅದರಿಂದ. ರಿಫ್ಲೆಕ್ಟರ್‌ನ ವಿನ್ಯಾಸವೆಲ್ಲ ಆ ಸಣ್ಣ ಫಿಲಮೆಂಟ್ ಎಲ್ಲಿ ಕೂತಿದೆ ಎಂಬುದರ ಮೇಲೆ ನಿಂತಿದೆ. ಎಲ್‌ಇಡಿ ಚಿಪ್ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಅಂಚು ಕರಗಿ ಬೆಳಕು ಮೇಲಕ್ಕೆ ಚೆಲ್ಲುತ್ತದೆ. ನಿಮಗೆ ಹತ್ತಿರದ ರಸ್ತೆ ಬೆಳ್ಳಗೆ ಹೊಳೆದು ‘ಭಾರೀ ಬೆಳಕು’ ಎನಿಸುತ್ತದೆ, ದೂರದ ಗುಂಡಿ ಕಾಣುವುದಿಲ್ಲ, ಎದುರಿನವರಿಗೆ ಏನೂ ಕಾಣುವುದಿಲ್ಲ. ಹಿಂದಿನ ಫ್ಯಾನ್ ಅಡ್ಡ ಬಂದು ರಬ್ಬರ್ ಕವರ್ ಕೂರದಿದ್ದರೆ ಮೊದಲ ಮಳೆಗೇ ಡೂಮಿನಲ್ಲಿ ನೀರು. ಎಸಿ ಹೆಡ್‌ಲೈಟ್‌ನ ಬೈಕಿನಲ್ಲಿ ಮಿಣುಕುತ್ತದೆ, ಬೇಗ ಕೆಡುತ್ತದೆ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕೇಸು ಹಾಕಲು ತೊಡಗಿದ್ದೂ ಇಂಥವುಗಳ ಹಾವಳಿಗೇ.

ಅಂಗಡಿಯಲ್ಲಿ

ಹಳೆಯ ಬಲ್ಬನ್ನು ಕೈಯಲ್ಲಿ ಹಿಡಿದೇ ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಾಗಲಿ, ಬೈಕಿನ ಹೆಸರು ಹೇಳಿ ಕೇಳುವುದಕ್ಕಿಂತ ಬುಡದ ಗುರುತು ಹೇಳಿ ಕೇಳುವುದು ಸರಿ, ಒಂದೇ ಬೈಕಿನ ಬೇರೆ ಬೇರೆ ವರ್ಷದ ಮಾಡೆಲ್‌ಗಳಲ್ಲಿ ಬಲ್ಬ್ ಬೇರೆ ಇರಬಹುದು. ಬುಡದ ಮೇಲಿನ ಬರಹ ಲೋಹದಲ್ಲಿ ಕೆತ್ತಿರಬೇಕು. ಉಗುರಿನಿಂದ ಕೆರೆದರೆ ಹೋಗುವ ಮುದ್ರಣವಾದರೆ ಡೂಪ್ಲಿಕೇಟ್. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ ಇದ್ದರೆ ಅದು ಅನುಮೋದನೆಯ ಗುರುತು. ಗಾಜು ಬುಡದಲ್ಲಿ ಅಲುಗಾಡಬಾರದು, ಎರಡು ಫಿಲಮೆಂಟ್‌ಗಳು ನೇರವಾಗಿರಬೇಕು. ಮೀಟರ್ ಇದ್ದರೆ ಓಮ್‌ನಲ್ಲಿ ಎರಡನ್ನೂ ಅಳೆಯಿರಿ, ತಣ್ಣಗಿರುವಾಗ ಒಂದು ಓಮ್‌ಗಿಂತ ಕಡಿಮೆ ಬರಬೇಕು.

ಹಾಕುವ ಕ್ರಮ

1. ಕೀ ಆಫ್ ಮಾಡಿ. ಈಗಷ್ಟೇ ಓಡಿಸಿದ್ದರೆ ಹತ್ತು ಹದಿನೈದು ನಿಮಿಷ ತಣಿಯಲು ಬಿಡಿ.

2. ಡೂಮ್ ಬಿಚ್ಚಿ, ಕಪ್ಲರನ್ನು ಅದರ ಪ್ಲಾಸ್ಟಿಕ್ ಹಿಡಿದೇ ನೇರವಾಗಿ ಎಳೆಯಿರಿ. ವೈರ್ ಹಿಡಿದು ಎಳೆದರೆ ಒಳಗಿನ ಕ್ರಿಂಪ್ ಸಡಿಲವಾಗುತ್ತದೆ. ಕಪ್ಲರ್ ಕಂದಾಗಿದ್ದರೆ ಪಿಂಗಾಣಿ ಹೋಲ್ಡರ್ ತಂದು ಹಾಕಿ.

3. ರಬ್ಬರ್ ಕವರ್ ತೆಗೆದು, ಸ್ಪ್ರಿಂಗ್ ಕ್ಲಿಪ್ ಒತ್ತಿ ಬದಿಗೆ ಸರಿಸಿ, ಹಳೆಯ ಬಲ್ಬ್ ಯಾವ ದಿಕ್ಕಿಗೆ ಕೂತಿದೆ ಎಂದು ಫೋಟೊ ತೆಗೆದುಕೊಂಡು ಹೊರತೆಗೆಯಿರಿ.

4. ಹೊಸದನ್ನು ಬುಡದಲ್ಲಿ ಮಾತ್ರ ಹಿಡಿಯಿರಿ. ಬೆರಳಿನ ಎಣ್ಣೆ ಗಾಜಿಗೆ ತಾಗಿದರೆ ಆ ಜಾಗ ಅತಿಯಾಗಿ ಕಾದು ಗಾಜು ಬಲ ಕಳೆದುಕೊಳ್ಳುತ್ತದೆ. ತಾಗಿಬಿಟ್ಟರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ ಒಣಗಿಸಿ.

5. ಕಿವಿಗಳು ತಮ್ಮ ಕಚ್ಚಿನಲ್ಲಿ ಸಲೀಸಾಗಿ ಕೂರಬೇಕು. ಬಲ ಹಾಕಬೇಕಾಗಿ ಬಂದರೆ ದಿಕ್ಕು ತಪ್ಪಿದೆ ಅಥವಾ ಬಲ್ಬ್ ತಪ್ಪಿದೆ.

6. ರಬ್ಬರ್ ಕವರನ್ನು ಪಿನ್‌ಗಳ ಬುಡದವರೆಗೂ ಒತ್ತಿ ಕೂರಿಸಿ, ಕಪ್ಲರ್ ಹಾಕಿ, ಡೂಮ್ ಮುಚ್ಚುವ ಮುಂಚೆಯೇ ಲೋ, ಹೈ, ಪಾಸ್ (ಎದುರಿನವರಿಗೆ ಬೆಳಕು ಮಿಂಚಿಸುವ ಗುಂಡಿ) ಮೂರನ್ನೂ ಹೊತ್ತಿಸಿ ನೋಡಿ.

ಡಿಸಿ ಬೈಕಿನಲ್ಲಿ ಕನೆಕ್ಷನ್‌ಗಳನ್ನೆಲ್ಲ ಉಜ್ಜಿದ ಮೇಲೂ ಒಂದು ವೋಲ್ಟ್‌ಗಿಂತ ಹೆಚ್ಚು ಸೋರುತ್ತಿದ್ದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹೊತ್ತಿಸಿ ಆರಿಸುವ ಸ್ವಿಚ್) ಹಾಕಿಸಿ. ಎಚ್4ಕ್ಕೆ ಲೋ ಮತ್ತು ಹೈಗೆ ಒಂದೊಂದರಂತೆ 12 ವೋಲ್ಟ್ 30 ಆಂಪಿಯರ್‌ನ, ನಾಲ್ಕು ಪಿನ್ ಇರುವ ಎರಡು ರಿಲೇ. ಬ್ಯಾಟರಿ ಪ್ಲಸ್‌ನಿಂದ 2.5 ಚದರ ಮಿ.ಮೀ. ವೈರ್ ಹೊರಟು, ಬ್ಯಾಟರಿಯ ಹತ್ತಿರವೇ 15 ಆಂಪಿಯರ್ ಫ್ಯೂಸ್ ದಾಟಿ, ರಿಲೇಯ 30ನೇ ಪಿನ್‌ಗೆ ಬರಲಿ. 87ರಿಂದ ಹೊಸ ಹೋಲ್ಡರ್‌ಗೆ. ಹಳೆಯ ಕಪ್ಲರ್‌ನ ಲೋ, ಹೈ ವೈರ್‌ಗಳು ಆಯಾ ರಿಲೇಯ 86ಕ್ಕೆ, 85 ಅರ್ತ್‌ಗೆ. ಹೋಲ್ಡರ್‌ನ ಅರ್ತನ್ನೂ ಇದೇ ದಪ್ಪದ ವೈರಿನಲ್ಲಿ ಬ್ಯಾಟರಿ ಮೈನಸ್‌ಗೆ ತನ್ನಿ, ಇದನ್ನು ಮರೆತರೆ ಅರ್ಧ ಲಾಭ ಹೋಗುತ್ತದೆ. ಫ್ಯೂಸ್ 15 ಯಾಕೆಂದರೆ ಲೋ ಹೊತ್ತಿರುವಾಗಲೇ ಪಾಸ್ ಒತ್ತಿದರೆ ಕ್ಷಣಕಾಲ ಎರಡೂ ಫಿಲಮೆಂಟ್ ಉರಿದು ಸುಮಾರು 9 ಆಂಪಿಯರ್ ಹರಿಯಬಹುದು. ವಾರಂಟಿ ಇರುವ ಬೈಕಾದರೆ ಸರ್ವೀಸ್ ಸೆಂಟರ್‌ನಲ್ಲಿ ಕೇಳದೆ ವೈರಿಂಗ್ ಮುಟ್ಟಬೇಡಿ.

ಬೀಮ್ ಹೊಂದಿಸುವುದು

ಬಲ್ಬ್ ಬದಲಿಸಿದಾಗಲೆಲ್ಲ ಇದು ಆಗಲೇಬೇಕು. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ ಹೆಡ್‌ಲೈಟ್‌ಗೆ ಸರಿಯಾಗಿ 5 ಮೀಟರ್ ಇರುವಂತೆ ಬೈಕ್ ನಿಲ್ಲಿಸಿ. ಟೈರ್ ಗಾಳಿ ಸರಿಯಿರಲಿ. ಸವಾರರು ಸೀಟಿನ ಮೇಲೆ ಕೂತು ಬೈಕ್ ನೆಟ್ಟಗೆ ಹಿಡಿದಿರಲಿ, ಇನ್ನೊಬ್ಬರು ಅಳೆಯಲಿ. ದಿನಾ ಹಿಂದೆ ಒಬ್ಬರನ್ನು ಕೂರಿಸಿಕೊಂಡೇ ಹೋಗುವವರಾದರೆ ಅವರನ್ನೂ ಕೂರಿಸಿ, ಇಬ್ಬರ ಭಾರಕ್ಕೆ ಬೈಕಿನ ಹಿಂಭಾಗ ತಗ್ಗಿ ಬೀಮ್ ಮೇಲೇಳುತ್ತದೆ.

ಹೆಡ್‌ಲೈಟ್‌ನ ಮಧ್ಯಬಿಂದು ನೆಲದಿಂದ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಲೋ ಬೀಮಿನ ಮೇಲಂಚು ಆ ಗೆರೆಗಿಂತ 5 ಸೆಂ.ಮೀ. ಕೆಳಗಿರಬೇಕು. ಅಂದರೆ ನೂರಕ್ಕೆ ಒಂದರ ಇಳಿಜಾರು: 85 ಸೆಂ.ಮೀ. ಎತ್ತರದ ಹೆಡ್‌ಲೈಟ್‌ನಿಂದ ಹೊರಟ ಬೆಳಕಿನ ಅಂಚು 85 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಎದುರಿನವರಿಗೆ ಕಣ್ಣು ಕುಕ್ಕುತ್ತದೆ. 12.5 ಸೆಂ.ಮೀ. ಇಳಿದರೆ ಬೆಳಕು 34 ಮೀಟರ್‌ಗೇ ಮುಗಿಯುತ್ತದೆ. ಡೂಮಿನ ಕೆಳಗೆ ಅಥವಾ ಹಿಂದೆ ಇರುವ ಸ್ಕ್ರೂ ತಿರುಗಿಸಿ, ಇಲ್ಲವೇ ಬದಿಯ ಎರಡು ಬೋಲ್ಟ್ ಸಡಿಲಿಸಿ ಇದನ್ನು ಹೊಂದಿಸಬಹುದು.

ಗೋಡೆಯ ಮೇಲಿನ ಅಂಚು ಓರೆಯಾಗಿದ್ದರೆ ಬಲ್ಬ್ ತಿರುಚಿ ಕೂತಿದೆ, ಬಿಚ್ಚಿ ಮತ್ತೆ ಕೂರಿಸಿ. ಕೆಲವು ಡೂಮ್‌ಗಳಲ್ಲಿ ಎಡಗಡೆ ಮಾತ್ರ ಅಂಚು ಸ್ವಲ್ಪ ಮೇಲೇರುತ್ತದೆ. ಅದು ಎಡಬದಿಯ ಸಂಚಾರಕ್ಕೆ ಮಾಡಿದ ವಿನ್ಯಾಸ, ದೋಷವಲ್ಲ. ಬಲಗಡೆ ಏರುತ್ತಿದ್ದರೆ ಡೂಮ್ ಹೊರದೇಶದ್ದು, ಎಷ್ಟು ತಿರುಗಿಸಿದರೂ ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಒಂದೆರಡು ದಿನ ಓಡಿಸಿದ ಮೇಲೆ ಡೂಮಿನ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಕಪ್ಲರ್ ಮುಟ್ಟಿ ನೋಡಿ. ಹತ್ತು ನಿಮಿಷ ಹೊತ್ತಿಸಿದ ನಂತರ ಅದು ಬೆಚ್ಚಗಿರಬಹುದು, ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಒಳಗಿನ ಎಲೆ ಸಡಿಲಾಗಿದೆ.